ಕೆಮ್ಮು ನಿಂತರೂ ಮಾತ್ರೆ ನಿಲ್ಲಬಾರದು

ಮಕ್ಕಳೇ, ತೋಡೂರು ಕಾರವಾರ ತಾಲ್ಲೂಕಿನ ಒಂದು ಕರಾವಳಿ ಊರು. ಈ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಆಗಸ್ಟ್ ಬಂದೊಡನೆ ಬೈತಖೋಲ ಬಂದರಿನಿಂದ ದೋಣಿಗಳು ಹೊರಡುತ್ತವೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ತೋಡೂರಿನ ಮೀನುಗಾರರೊಬ್ಬರಿಗೆ ಎರಡು ವಾರಕ್ಕೂ ಹೆಚ್ಚು ಕಾಲ ಕೆಮ್ಮು, ಸಂಜೆ ಜ್ವರ. ಕಫ ಪರೀಕ್ಷೆಯಿಂದ ಕ್ಷಯ, ಅಂದರೆ ಟಿ.ಬಿ. ಎಂದು ತಿಳಿಯಿತು. ಜೂನ್ ಮೊದಲಲ್ಲಿ ಔಷಧ ಶುರುವಾಯಿತು. ಜುಲೈ ಮುಗಿಯುವಾಗ ಕೆಮ್ಮಿಲ್ಲ, ಜ್ವರವಿಲ್ಲ. ದೋಣಿಯೂ ಸಿದ್ಧವಾಗಿದೆ. "ಇನ್ನು ಮಾತ್ರೆ ಏಕೆ?" ಎಂದು ಅವರು ಕೇಳಿದರೆ ನೀವೇನು ಹೇಳುವಿರಿ?

ಉಳಿದುಕೊಂಡ ರೋಗಾಣುಗಳು

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಂಡುಹಿಡಿದರು. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ ಬೇಕು. ಮೊದಲ 2 ತಿಂಗಳು 4 ಔಷಧಗಳು, ನಂತರದ 4 ತಿಂಗಳು 3 ಔಷಧಗಳು. ಚುರುಕಾಗಿ ಬೆಳೆಯುವ ರೋಗಾಣುಗಳು ಮೊದಲು ಸಾಯುತ್ತವೆ. ಆದ್ದರಿಂದ ರೋಗಿಗೆ ಬೇಗ ಹಿತವೆನಿಸುತ್ತದೆ. ಆದರೆ ಕೆಲವು ರೋಗಾಣುಗಳು ನಿದ್ರಿಸುವವರಂತೆ ಸುಮ್ಮನಿರುತ್ತವೆ. ಅವು ಸಾಯಲು ಹೆಚ್ಚು ಕಾಲ ಬೇಕು.

ಮಾತ್ರೆ ನಡುವೆ ನಿಲ್ಲಿಸಿದರೆ ಇವು ಮತ್ತೆ ಬೆಳೆಯುತ್ತವೆ. ಒಂದು ದಿನ ನುಂಗಿ ಇನ್ನೊಂದು ದಿನ ಬಿಟ್ಟರೆ, ಔಷಧಕ್ಕೆ ಜಗ್ಗದ ರೋಗಾಣುಗಳು ಉಳಿದು ಹೆಚ್ಚಬಹುದು. ಆಗ ಹಳೆಯ ಮಾತ್ರೆಗಳು ನಾಟುವುದಿಲ್ಲ. ಇಂತಹ ರೋಗಾಣುಗಳು ಕೆಮ್ಮಿನ ಮೂಲಕ ಮನೆಯವರಿಗೂ ಹರಡಬಹುದು.

ಮನೆಯಲ್ಲೇ ಚಿಕಿತ್ಸೆ

ಹಿಂದೆ ರೋಗಿಗಳನ್ನು ತಿಂಗಳುಗಟ್ಟಲೆ ಆರೋಗ್ಯಧಾಮಗಳಲ್ಲಿ ಇರಿಸುತ್ತಿದ್ದರು. ಮನೆಯಲ್ಲಿದ್ದು ಔಷಧ ಪಡೆದರೂ ಅಷ್ಟೇ ಗುಣವಾಗುತ್ತದೆಂದು 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮನೆಯಲ್ಲೇ ಚಿಕಿತ್ಸೆ ಎಂದಮೇಲೆ ನೆನಪಿಸುವ ಹೊಣೆಯೂ ಮನೆಯವರದೇ ಅಲ್ಲವೇ? ಆಶಾ ಕಾರ್ಯಕರ್ತೆಯರು ಇದಕ್ಕೆ ನೆರವಾಗುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಪೌಷ್ಟಿಕ ಆಹಾರಕ್ಕಾಗಿ ಕೊಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ.

ನೀವು ಏನು ಮಾಡಬಹುದು?

* ಪ್ರತಿದಿನ ಮಾತ್ರೆ ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
* ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ; ಅದು ರಿಫಾಂಪಿಸಿನ್ ಔಷಧದ ಬಣ್ಣ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಅಥವಾ ವಾಂತಿ ನಿಲ್ಲದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಲು ದೊಡ್ಡವರಿಗೆ ಹೇಳಿ.
* ಮೀನುಗಾರಿಕೆಗೆ ಅಥವಾ ಪರವೂರಿಗೆ ಹೋಗುವ ಮುನ್ನ ಆಸ್ಪತ್ರೆಗೆ ತಿಳಿಸಬೇಕು. ಅಲ್ಲಿ ಮುಂದಿನ ಔಷಧಕ್ಕೆ ಏರ್ಪಾಡು ಮಾಡುತ್ತಾರೆ.
* ರೋಗಿಯನ್ನು ದೂರವಿಡಬೇಡಿ. ಕ್ಷಯ ತಟ್ಟೆ, ಲೋಟಗಳಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಕಿಟಕಿ ತೆರೆದಿಡಬೇಕು.

ಈಗ ಆ ಮೀನುಗಾರರಿಗೆ ಉತ್ತರ ಹೇಳಬಹುದಲ್ಲವೇ? "ದೋಣಿಗೆ ಹೋಗಬಹುದೇ ಎಂದು ವೈದ್ಯರನ್ನು ಕೇಳಿ. ಹೋದರೆ ಮಾತ್ರೆಯೂ ನಿಮ್ಮ ಜೊತೆ ಬರಲಿ."

ಲೆಕ್ಕ ಮಾಡಿ

6 ತಿಂಗಳೆಂದರೆ ಸುಮಾರು 26 ವಾರ. ವಾರಕ್ಕೆ ಒಂದು ದಿನ ಮಾತ್ರೆ ಮರೆತರೆ ಒಟ್ಟು ಎಷ್ಟು ದಿನ ತಪ್ಪುತ್ತದೆ? ಅದು ಒಂದು ತಿಂಗಳಿಗೆ ಎಷ್ಟು ಹತ್ತಿರ?