ಬುಭುಕ್ಷೆ: ಹಸಿವೋ, ಬಯಕೆಯೋ?

ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಮಕ್ಕಳು ಶಾಲೆಯಿಂದ ಬಂದೊಡನೆ ‘ಭೂಕ್’ ಎನ್ನುವುದುಂಟು. ಹಿರಿಯರು ಅದನ್ನು ತಿದ್ದಿ ‘ಹಸಿವು’ ಎನ್ನಿಸುತ್ತಾರೆ. ತಿದ್ದುವುದು ಯುಕ್ತವೇ. ಆದರೆ ಮರಾಠಿಯ ಆ ಭೂಕ್, ಹಿಂದಿಯ ಭೂಖ್ ಎರಡೂ ಸಂಸ್ಕೃತದ ‘ಬುಭುಕ್ಷಾ’ ಶಬ್ದವು ಪ್ರಾಕೃತದಲ್ಲಿ ಸವೆದು ಉಳಿದ ರೂಪಗಳು. ಕನ್ನಡದ ಗ್ರಂಥಭಾಷೆಯ ‘ಬುಭುಕ್ಷೆ’ಗೆ ದಾಯಾದಿಗಳು.

ಬುಭುಕ್ಷೆಯೆಂದರೆ ಹಸಿವು. ಶಬ್ದದ ಒಡಲಲ್ಲಿರುವುದು ಮಾತ್ರ ಇಚ್ಛೆ. ‘ಭುಜ್’ ಎಂದರೆ ಉಣ್ಣು. ಧಾತುವಿನ ಮೊದಲ ಅಕ್ಷರವನ್ನು ಇಮ್ಮಡಿಸಿ ‘ಸನ್’ ಪ್ರತ್ಯಯವನ್ನು ಸೇರಿಸಿದರೆ ಉಣ್ಣಬೇಕೆಂಬ ಇಚ್ಛೆ ಎಂದಾಗುತ್ತದೆ. ಕುಡಿಯುವ ಇಚ್ಛೆ ಪಿಪಾಸೆ, ತಿಳಿಯುವ ಇಚ್ಛೆ ಜಿಜ್ಞಾಸೆ. ಶುಶ್ರೂಷೆಯೂ ಈ ಬಳಗದ್ದೇ. ‘ಶ್ರು’ ಎಂದರೆ ಕೇಳು. ಕೇಳಬೇಕೆಂಬ ಇಚ್ಛೆಯು ಗುರುಸೇವೆಯಾಗಿ, ಮುಂದೆ ರೋಗಿಯ ಆರೈಕೆಯಾಯಿತು. ರೋಗಿಯ ಮಾತನ್ನು ಕೇಳದೆಯೇ ಆರೈಕೆಗೆ ಹೊರಡುವವರು ಈ ವ್ಯುತ್ಪತ್ತಿಯನ್ನು ನೆನೆಯಬಹುದು.

ಕನ್ನಡವು ಇವನ್ನು ಎರಡು ಖಾತೆಗಳಲ್ಲಿ ಇಟ್ಟಿದೆ. ಹಸಿವು ಹಳಗನ್ನಡದ ‘ಪಸಿ’; ತಮಿಳಿನಲ್ಲಿ ಇಂದಿಗೂ ಪಸಿಯೇ. ಅದು ಒಡಲಿನ ತಗಾದೆ. ಬಸುರಿಯು ಹುಣಸೆಕಾಯಿ ಬೇಡುವುದು ಬಯಕೆ. ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆಯಲ್ಲಿ ಹಲಸು ಹಸಿವಿನ ಪಾಲು. ಮಾವಿನ ಸರದಿ ಬರುವುದು ಹಸಿವು ತೀರಿದ ಮೇಲೆ.

ರೋಗಿಯ ಹಾಸಿಗೆಯ ಬಳಿ ಈ ಭೇದಕ್ಕೆ ಬೆಲೆಯಿದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗೆ ಥಟ್ಟನೆ ಹಸಿವಾಗಿ, ಬೆವರು ನಡುಕಗಳು ಕಾಣಿಸಿಕೊಂಡರೆ ರಕ್ತದ ಸಕ್ಕರೆ ಇಳಿದಿರಬಹುದು. ಅದನ್ನು ಬಾಯಿಚಪಲವೆಂದು ಗದರುತ್ತ ಕೂಡದೆ, ಎಚ್ಚರವಿರುವಾಗಲೇ ಸಕ್ಕರೆ ನೀರನ್ನು ಕುಡಿಸಬೇಕು.

ವೃದ್ಧರ ‘ಊಟ ಬೇಡ’ ಎಂಬ ಮಾತಂತೂ ಒಂದೇ ಅರ್ಥದ್ದಲ್ಲ. ಹಸಿವೇ ಆಗದಿರಬಹುದು, ಹಸಿವಿದ್ದೂ ಬಾಯಿಗೆ ರುಚಿ ಹತ್ತದಿರಬಹುದು, ರುಚಿಯಿದ್ದೂ ತುತ್ತು ಗಂಟಲಲ್ಲಿ ಇಳಿಯದಿರಬಹುದು. ಕೊನೆಯದನ್ನು ಎಂದಿಗೂ ಅಲಕ್ಷಿಸಲಾಗದು. ಹೊರನಾಡಿನ ಮನೆಯವರು ಹಿಂದಿ ಬಲ್ಲ ವೈದ್ಯರೆದುರು ಮೂರನ್ನೂ ‘ಭೂಖ್ ನಹೀಂ’ ಎಂದು ಮುಗಿಸಿಬಿಡುತ್ತಾರೆ. ಹಸಿವಾಗದಿದ್ದರೆ ಆ ಮಾತು ಸರಿ. ರುಚಿ ಕೆಟ್ಟಿದ್ದರೆ ‘ಸ್ವಾದ್ ನಹೀಂ ಆತಾ’ ಎಂದೂ, ತುತ್ತು ಇಳಿಯದಿದ್ದರೆ ‘ನಿಗಲನೇ ಮೇಂ ತಕಲೀಫ್ ಹೈ’ ಎಂದೂ ಬಿಡಿಸಿ ಹೇಳಬೇಕು. ಜೊತೆಗೆ ತೂಕ ಇಳಿದಿದ್ದರೆ ಎಷ್ಟು ತಿಂಗಳಲ್ಲಿ ಎಷ್ಟು ಕಿಲೋ ಎಂಬುದನ್ನೂ ತಿಳಿಸಬೇಕು.