ನಾಯಿಗೆ ನಿಲ್ಲಿಸಿದ ಕಲ್ಲು: ಆತಕೂರು ಶಾಸನದಲ್ಲಿ ಬೇಟೆ

ಹಳಗನ್ನಡ ಗದ್ಯವೆಂದೊಡನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ‘ವಡ್ಡಾರಾಧನೆ’ ನೆನಪಾಗುತ್ತದೆ. ಶಾಸನಗಳು ನೆನಪಾಗುವುದು ಕಡಿಮೆ; ನೆನಪಾದರೂ ಅವು ಇತಿಹಾಸ ವಿಭಾಗದ ಸೊತ್ತೆಂಬ ಭಾವನೆ ಬಲವಾಗಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಶಿಲಾಶಾಸನವೊಂದು ಈ ಭಾವನೆಯನ್ನು ಅಲುಗಿಸಬಲ್ಲದು. ಅದರ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯೊಡನೆ ಸೆಣಸುವ ನಾಯಿಯ ಶಿಲ್ಪವಿದೆ. ವೀರಗಲ್ಲುಗಳಲ್ಲಿ ವೀರನು ನಿಲ್ಲುವ ಜಾಗದಲ್ಲಿ ಇಲ್ಲಿ ನಿಂತಿರುವುದು ಕಾಳಿ ಎಂಬ ಹೆಸರಿನ ಬೇಟೆನಾಯಿ.

ಶಾಸನವು ನಾಯಿಯಿಂದ ಆರಂಭವಾಗುವುದಿಲ್ಲ, ಯುದ್ಧದಿಂದ ಆರಂಭವಾಗುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಎದುರಿಸಿದಾಗ ಅವನ ಪಕ್ಷದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅದಕ್ಕೆ ಪ್ರತಿಯಾಗಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳು ದೊರೆತವು. ಬೂತುಗನ ಆಳಾದ ಮಣಲೆರನೂ ಅದೇ ಯುದ್ಧದಲ್ಲಿ ಹಿಮ್ಮೆಟ್ಟದೆ ನಿಂತವನು. ಅವನಿಗೆ ಆತಕೂರು ಹನ್ನೆರಡು ‘ಬಾಳ್ಗಚ್ಚು’ವಾಗಿ ಬಂದಿತು. ಬಾಳ್ ಎಂದರೆ ಖಡ್ಗ, ಕಚ್ಚು ಎಂದರೆ ತೊಳೆ. ವೀರನ ಖಡ್ಗವನ್ನು ತೊಳೆದು ಕೊಟ್ಟ ಭೂಮಿ ಎಂಬ ಇಡೀ ಆಚರಣೆಯನ್ನು ಎರಡು ಧಾತುಗಳ ಈ ಪದ ಅಡಗಿಸಿಕೊಂಡಿದೆ. ಬೇಡಿದ್ದನ್ನು ಕೊಡುವೆನೆಂದು ಅರಸನು ಮೆಚ್ಚಿ ನುಡಿದಾಗ ಮಣಲೆರನು ಬೇಡಿದ್ದು ಹೊನ್ನನ್ನಲ್ಲ, ಕಾಳಿಯನ್ನು.

ಮುಂದಿನ ಘಟನೆ ಒಂದೇ ವಾಕ್ಯದಷ್ಟು. ಕೆಲಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ‘ಒಡಸತ್ತವು’. ವಿದ್ಯಾರ್ಥಿಗಳು ಸ್ವಲ್ಪ ನಿಲ್ಲಬೇಕಾದ ಪದವಿದು. ‘ಒಡ’ ಎಂದರೆ ಜೊತೆ. ಹೊಸಗನ್ನಡದಲ್ಲಿ ಇದು ಒಡಹುಟ್ಟು, ಒಡನಾಡಿ ಮುಂತಾದ ಆಪ್ತ ಪದಗಳಲ್ಲಿ ಉಳಿದಿದೆ. ಜೊತೆಯಲ್ಲಿ ಹುಟ್ಟುವುದಕ್ಕೆ ಉಳಿದುಕೊಂಡ ಪದ ಜೊತೆಯಲ್ಲಿ ಸಾಯುವುದಕ್ಕೆ ಉಳಿಯಲಿಲ್ಲ. ಶಾಸನಕಾರನು ನಾಯಿ ಗೆದ್ದಿತು ಎನ್ನಲಿಲ್ಲ, ಹಂದಿಯನ್ನು ಹಳಿಯಲೂ ಇಲ್ಲ. ಒಂದೇ ಕ್ರಿಯಾಪದದಲ್ಲಿ ಎರಡನ್ನೂ ಸಮನಾಗಿ ಕೂಡಿಸಿದನು. ಇದೇ ಹಂದಿಬೇಟೆ ಚಂಪೂಕವಿಯ ಕೈಗೆ ಸಿಕ್ಕಿದ್ದರೆ ಕಾಡು, ಬಲೆ, ಬೇಡರ ಕೂಗು, ಹಂದಿಯ ಕೋರೆ ಎಲ್ಲಕ್ಕೂ ಪದ್ಯಗಳು ಬರುತ್ತಿದ್ದವು. ಬೇಟೆಯ ವರ್ಣನೆ ನಮ್ಮ ಕಾವ್ಯಗಳಿಗೆ ಪ್ರಿಯವಾದ ವಸ್ತು. ರಾಘವಾಂಕನ ಹರಿಶ್ಚಂದ್ರನೂ ಬೇಟೆಗೆ ಹೊರಟೇ ಕಷ್ಟಕ್ಕೆ ಸಿಕ್ಕಿಬೀಳುವನು.

ಬೇಟೆನಾಯಿಯ ಕೆಲಸವಾದರೂ ಏನು? ಮೃಗವನ್ನು ಕೊಲ್ಲುವುದಕ್ಕಿಂತ ಅದನ್ನು ಸುತ್ತುವರಿದು ತಡೆದು, ಬೇಟೆಗಾರನು ಬರುವವರೆಗೆ ನಿಲ್ಲಿಸುವುದು ಮುಖ್ಯ. ಉತ್ತರ ಧ್ರುವದ ಹಿಮಪ್ರದೇಶದ ಇನ್ಯೂಟ್ ಬೇಟೆಗಾರರೂ ಹಿಮಕರಡಿಯ ಮೇಲೆ ನಾಯಿಗಳನ್ನು ಬಿಡುತ್ತಿದ್ದುದು ಈ ಉದ್ದೇಶದಿಂದಲೇ. ತಡೆಯಬೇಕಾದ ನಾಯಿ ಕಚ್ಚಿ ಹಿಡಿದು ಬಿಡದಿದ್ದಾಗ ಕಾಳಿಗೆ ಒದಗಿದ ಮರಣ ಒದಗುತ್ತದೆ. ಆ ಕಾಲದ ಅರಸರಿಗೆ ಇದು ಅಧ್ಯಯನಯೋಗ್ಯ ವಿದ್ಯೆಯೂ ಆಗಿತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾ ವಿನೋದ, ನಾಯಿಗಳಿಗೆ ಸಂಬಂಧಿಸಿದ ಸಾರಮೇಯ ವಿನೋದ, ಮೀನುಹಿಡಿಯುವ ಮತ್ಸ್ಯ ವಿನೋದ ಇವೆಲ್ಲಕ್ಕೂ ಸ್ಥಾನವಿದೆ. ಗಾಳದ ದಾರವನ್ನು ಹೇಗೆ ಸಿದ್ಧಪಡಿಸಬೇಕು, ಯಾವ ಮೀನಿಗೆ ಯಾವ ಎರೆ ಎಂಬುದನ್ನೂ ಅರಸನು ಬರೆದಿಡುತ್ತಾನೆ. ಗ್ರಂಥ ಸಂಸ್ಕೃತದ್ದು; ಅರಸನ ನೆಲ ಕನ್ನಡದ್ದು.

ಆತಕೂರಿನಲ್ಲಿ ಮಾತ್ರ ಬೇಟೆ ವಿನೋದವಾಗಿ ಉಳಿಯುವುದಿಲ್ಲ. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟರು. ಈ ಭೂಮಿಯನ್ನು ಅಳಿದವನು ನಾಯಿ ಗೈದ ಪಾಪವನ್ನು ಪಡೆಯುವನು; ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಸಾಮಾನ್ಯ ದಾನಶಾಸನಗಳ ಶಾಪಾಶಯದಲ್ಲಿ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂಬ ಮಾತು ಬರುವುದು ರೂಢಿ. ಇಲ್ಲಿ ಆ ರೂಢಿಯನ್ನು ಬಿಟ್ಟಿರುವುದು ಅಚ್ಚರಿ. ನಾಯಿ ಮಾಡಿದ ಪಾಪ ಯಾವುದು? ಕೊಂದದ್ದೇ ಇರಬೇಕು. ಹಾಗಾದರೆ ಕಲ್ಲು ನೆಟ್ಟು ಪೂಜಿಸುವಷ್ಟು ಗೌರವ ತಂದ ಕೊಲೆಯೇ ಶಪಿಸಬಲ್ಲಷ್ಟು ಪಾಪವೂ ಹೌದು. ಬೇಟೆಯನ್ನು ಸಪ್ತವ್ಯಸನಗಳಲ್ಲೊಂದೆಂದು ಎಣಿಸುವ ಜೈನಮತಕ್ಕೆ ಆಶ್ರಯವಿತ್ತ ಗಂಗರ ನಾಡಿನಲ್ಲಿ ಈ ಇಬ್ಬಂದಿ ಅಸಹಜವಲ್ಲ. ಇದನ್ನು ಬಿಡಿಸಲು ಶಾಸನಕಾರನು ಯತ್ನಿಸುವುದಿಲ್ಲ. ಪರೀಕ್ಷೆಯ ಉತ್ತರದಲ್ಲಿ ವಿದ್ಯಾರ್ಥಿಗಳೂ ಅವಸರದಿಂದ ಬಿಡಿಸಬೇಕಾಗಿಲ್ಲ.

ಖಂಡೇರಾಜುರಿಯಂಥ ಮಿರಜ ತಾಲ್ಲೂಕಿನ ಊರಿನಲ್ಲಿ ಕುಳಿತು ಈ ಶಾಸನವನ್ನು ಓದುವವರಿಗೆ ಮದ್ದೂರು ದೂರದ ದಕ್ಷಿಣ. ಪದಗಳು ಅಷ್ಟು ದೂರದವಲ್ಲ. ‘ಪಂದಿ’ಯ ಪಕಾರ ಹಕಾರವಾಗಿ ಹಂದಿಯಾಯಿತು, ‘ಮೊರಡಿ’ಯು ಮರಡಿಯಾಗಿ ಉತ್ತರ ಕರ್ನಾಟಕದ ಊರುಗಳ ಹೆಸರಿನಲ್ಲಿ ಉಳಿಯಿತು. ಗುರು ಎಂಬ ಗೌರವಪದದಿಂದ ಬಂದುದೆನ್ನಲಾಗುವ ‘ಗೊರವ’ ಶಾಸನದಲ್ಲಿ ಶೈವ ಅರ್ಚಕ. ಮರಾಠಿಯಲ್ಲಿ ಇಂದಿಗೂ ಶಿವಾಲಯದ ಪೂಜಾರಿ ಗುರವನೇ. ಕನ್ನಡದಲ್ಲಿ ಗೊರವನೆಂದರೆ ಮುಖ್ಯವಾಗಿ ಮೈಲಾರಲಿಂಗನ ಭಕ್ತ. ಆ ಮೈಲಾರನೇ ಮರಾಠಿಯ ಖಂಡೋಬಾ. ಗಡಿಯಾಚೆಯ ಮಂಗಸೂಳಿಯಲ್ಲಿ ಅವನ ಪ್ರಸಿದ್ಧ ಗುಡಿಯಿದೆ, ಎರಡೂ ಭಾಷೆಯವರು ನಡೆದುಕೊಳ್ಳುತ್ತಾರೆ. ಕುದುರೆಯೇರಿದ ಆ ದೈವದ ಜೊತೆಯಲ್ಲಿ ನಾಯಿಯಿರುತ್ತದೆ. ಅವನ ವಗ್ಗಯ್ಯಗಳು ತಾವೇ ನಾಯಿಗಳೆಂದು ಬೊಗಳಿ, ದೋಣಿಯಲ್ಲಿ ಹಾಕಿದ ನೈವೇದ್ಯವನ್ನು ಬಾಯಿಯಿಂದಲೇ ತಿನ್ನುತ್ತಾರೆ. ಆತಕೂರಿನ ಗೊರವನು ನಾಯಿಯ ಕಲ್ಲನ್ನು ಪೂಜಿಸಿದ ಮೇಲೆಯೇ ಉಣ್ಣಬೇಕಾಗಿತ್ತು.