ಪಿಕ್‌ಅಪ್ ಗಾಡಿಯ ತಿರುಚುದಂಡ: ಅದನ್ನು ಬಿಚ್ಚುವ ಮತ್ತು ಸರಿಪಡಿಸುವ ಕ್ರಮ

ಕನಕಪುರ, ಹಾರೋಹಳ್ಳಿಗಳ ಕಡೆಯಿಂದ ಟೊಮೇಟೊ, ಹುರುಳಿಕಾಯಿ, ಸೊಪ್ಪು ಮೊದಲಾದುವನ್ನು ಹೇರಿಕೊಂಡು ಬೆಂಗಳೂರಿನ ಕಲಾಸಿಪಾಳ್ಯಕ್ಕೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಹೋಗತಕ್ಕ ಪಿಕ್‌ಅಪ್ ಗಾಡಿಗಳು ಅನೇಕ. ಈ ಮಾರ್ಗಕ್ಕೆ ಸಮೀಪದಲ್ಲಿರುವ ಸುಬ್ರಹ್ಮಣ್ಯಪುರವು ಉತ್ತರಹಳ್ಳಿ ಹೋಬಳಿಗೆ ಸೇರಿದ ಹಳ್ಳಿಯಾಗಿದ್ದು, ಈಗ ನಗರದೊಳಗೆ ಬೆರೆತುಹೋಗಿದೆ. ಹೊಲದ ಹಳ್ಳಗುಣಿಗಳಲ್ಲಿಯೂ ಪಟ್ಟಣದ ರಸ್ತೆಯುಬ್ಬುಗಳ ಮೇಲೂ ದಿನವಹಿ ಓಡುವ ಗಾಡಿಯ ಮುಂಭಾಗವು ಕಾಲಕ್ರಮದಲ್ಲಿ ತಗ್ಗುವುದುಂಟು. ಆಗ ಕೆಲವರು ಗಾಡಿಯ ಅಡಿಯಲ್ಲಿರುವ ಬೋಲ್ಟೊಂದನ್ನು ಬಿಗಿಮಾಡಿಸಿ ಮುಂಭಾಗವನ್ನು ಎತ್ತಿಸುತ್ತಾರೆ. ಅದರಿಂದ ಹೆಚ್ಚು ಹೊರೆಯನ್ನು ತಾಳುವ ಶಕ್ತಿಯೂ ಗಾಡಿಗೆ ಬಂದಿತೆಂದು ನಂಬುತ್ತಾರೆ. ಈ ನಂಬಿಕೆ ಸರಿಯಲ್ಲ. ಆ ಬೋಲ್ಟು ಎತ್ತರವನ್ನು ಬದಲಿಸಬಲ್ಲುದೇ ಹೊರತು ಬಲವನ್ನಲ್ಲ. ಕ್ರಮವರಿಯದೆ ಅದನ್ನು ಬಿಚ್ಚಿದರೆ ಕೈಕಾಲುಗಳಿಗೆ, ಪ್ರಾಣಕ್ಕೆ ಕೂಡ, ಅಪಾಯವುಂಟು.

ದಂಡದ ಸ್ವರೂಪ

ಎತ್ತಿನ ಗಾಡಿಯ ಅಚ್ಚು ನೆಲದ ಏರುತಗ್ಗುಗಳನ್ನೆಲ್ಲ ಹೊರೆಗೆ ತಲಪಿಸುತ್ತದೆ. ಮೋಟಾರು ಗಾಡಿಯಲ್ಲಿ ಈ ಪೆಟ್ಟನ್ನು ಸ್ಪ್ರಿಂಗುಗಳು ನುಂಗುತ್ತವೆ. ಸ್ಪ್ರಿಂಗುಗಳಲ್ಲಿ ಪಟ್ಟಿಯ ಸ್ಪ್ರಿಂಗು, ಸುರುಳಿಯ ಸ್ಪ್ರಿಂಗು, ಗ್ಯಾರೇಜಿನವರು ಟಾರ್ಷನ್ ಬಾರ್ ಎಂದು ಕರೆಯುವ ತಿರುಚುದಂಡ ಎಂಬ ಬಗೆಗಳಿವೆ. ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯವರು 1934ರ ತಮ್ಮ ಕಾರಿನಲ್ಲಿಯೂ, ಇಂಗ್ಲೆಂಡಿನ ಮಾರಿಸ್ ಕಂಪೆನಿಯವರು 1948ರ ಮೈನರ್ ಕಾರಿನಲ್ಲಿಯೂ ಇದನ್ನು ಬಳಸಿದರು.

ತಿರುಚುದಂಡವು ಹದಗೊಳಿಸಿದ ಉಕ್ಕಿನ ನೇರವಾದ ಸರಳು. ಪಿಕ್‌ಅಪ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇದು ಮುಂದಿನ ಚಕ್ರದಿಂದ ಹಿಂದಕ್ಕೆ, ಚಾಸಿಯ ಉದ್ದಕ್ಕೆ ಮಲಗಿರುತ್ತದೆ. ಇದರ ಮುಂದಿನ ತುದಿ ಚಕ್ರವನ್ನು ಹಿಡಿದ ಅಡ್ಡತೋಳಿಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ತುದಿ ಚಾಸಿಯ ಅಡ್ಡಪಟ್ಟಿಯ ಬಳಿ ಒಂದು ಗಿಡ್ಡ ಹಿಡಿತೋಳಿನಲ್ಲಿರುತ್ತದೆ. ಹಿಡಿತೋಳನ್ನು ಅದರ ಸ್ಥಾನದಲ್ಲಿ ನಿಲ್ಲಿಸುವುದೇ ಮೇಲೆ ಹೇಳಿದ ಬೋಲ್ಟು. ಚಕ್ರವು ಮೇಲೇರಿದಾಗ ದಂಡವು ತಿರುಚಿಕೊಂಡು, ಮತ್ತೆ ನೆಟ್ಟಗಾಗಲು ಯತ್ನಿಸುತ್ತ ಚಕ್ರವನ್ನು ಕೆಳಕ್ಕೊತ್ತುತ್ತದೆ.

ಎಲ್ಲ ಪಿಕ್‌ಅಪ್‌ಗಳಲ್ಲಿಯೂ ಈ ದಂಡವಿರುವುದಿಲ್ಲ. ಮುಂದಿನ ಚಕ್ರದ ಬಳಿ ಪಟ್ಟಿಯೂ ಸುರುಳಿಯೂ ಕಾಣದೆ ನೇರವಾದ ಸರಳು ಮಾತ್ರ ಕಂಡಲ್ಲಿ ಈ ಪಾಠವು ಅನ್ವಯಿಸುವುದು.

ಬೋಲ್ಟಿನಿಂದ ಬಲವೇಕೆ ಹೆಚ್ಚದು

ದಂಡದ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ವ್ಯಾಸವು ನೂರಕ್ಕೆ 10ರಷ್ಟು ಹೆಚ್ಚಿದರೆ ಬಿಗುವು ನೂರಕ್ಕೆ ಸುಮಾರು 46ರಷ್ಟು ಹೆಚ್ಚುವುದು. ಉದ್ದವು ಹೆಚ್ಚಿದಂತೆ ಬಿಗುವು ಕಡಮೆಯಾಗುವುದು. ಉದಾಹರಣೆಗೆ, 24 ಮಿಲಿಮೀಟರು ವ್ಯಾಸದ, 1 ಮೀಟರು ಉದ್ದದ ಉಕ್ಕಿನ ದಂಡಕ್ಕೆ 30 ಸೆಂಟಿಮೀಟರು ಉದ್ದದ ತೋಳಿನ ತುದಿಯಲ್ಲಿ 300 ಕಿಲೋಗ್ರಾಮು ಹೊರೆ ಬಿದ್ದರೆ ಅದು ಸುಮಾರು 20 ಡಿಗ್ರಿ ತಿರುಚಿಕೊಳ್ಳುತ್ತದೆ. ಬೋಲ್ಟನ್ನು ಬಿಗಿಮಾಡಿದಾಗ ವ್ಯಾಸವಾಗಲಿ ಉದ್ದವಾಗಲಿ ಬದಲಾಗದು. ದಂಡದ ಹಿಂದಿನ ತುದಿಯು ತಿರುಗಿ, ಅಡ್ಡತೋಳು ಕೆಳಕ್ಕೊತ್ತಿ, ಗಾಡಿಯ ಮೂತಿ ಮೇಲೇಳುವುದಷ್ಟೆ.

ಇದಲ್ಲದೆ, ಪಿಕ್‌ಅಪ್ ಗಾಡಿಯಲ್ಲಿ ಹೇರಿದ ಸರಕಿನ ಭಾರವು ಬಹುಪಾಲು ಹಿಂದಿನ ಸ್ಪ್ರಿಂಗುಗಳ ಮೇಲೆ ಬೀಳುತ್ತದೆ. ಮಿತಿಮೀರಿ ಹೇರಿದಾಗ ಹಿಂಭಾಗವು ತಗ್ಗಿ ಮೂತಿಯು ತಾನಾಗಿಯೇ ಏಳುವುದು. ಮುಂದಿನ ಚಕ್ರಗಳು ನೆಲವನ್ನು ಹಗುರವಾಗಿ ಹಿಡಿದು ಸ್ಟಿಯರಿಂಗು ಸಡಿಲವಾಗುವುದು. ಅಂತಹ ಗಾಡಿಯ ಮೂತಿಯನ್ನು ಇನ್ನೂ ಎತ್ತಿದರೆ ತೋಳಿನ ಕೀಲುಗಳು ಬೇಗ ಸವೆದು, ಟೈರುಗಳು ಒಂದು ಮಗ್ಗುಲಿಗೆ ತಿನ್ನಲ್ಪಡುವುವು. ಹೊರೆಗೆ ಪರಿಹಾರವು ಹೊರೆಯನ್ನು ಇಳಿಸುವುದೇ.

ಬಿಚ್ಚುವ ಕ್ರಮ

1. ಗಾಡಿಯನ್ನು ಗಟ್ಟಿಯಾದ ಸಮನೆಲದಲ್ಲಿ ಬರಿದಾಗಿ ನಿಲ್ಲಿಸಿ, ಟೈರುಗಳಿಗೆ ವಿಧಿಸಿದಷ್ಟು ಗಾಳಿ ತುಂಬಿ, ಎರಡು ಪಕ್ಕಗಳ ಎತ್ತರವನ್ನು ಅಳೆದು ಬರೆದುಕೊಳ್ಳತಕ್ಕದ್ದು.

2. ಹ್ಯಾಂಡ್‌ಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಎರಡು ಕಡೆಯೂ ತಡೆಯಿಟ್ಟು, ಮುಂಭಾಗವನ್ನೆತ್ತಿ ಚಾಸಿಯ ಕೆಳಗೆ ಗಟ್ಟಿಯಾದ ಊರೆಗಾಲುಗಳನ್ನು ನಿಲ್ಲಿಸತಕ್ಕದ್ದು. ಕೇವಲ ಜಾಕಿಯನ್ನು ನಂಬಿಯಾಗಲಿ, ಇಟ್ಟಿಗೆ ಕಲ್ಲುಗಳನ್ನು ಪೇರಿಸಿಯಾಗಲಿ ಗಾಡಿಯ ಅಡಿಗೆ ಹೋಗಬಾರದು.

3. ಬೋಲ್ಟು ಹೊರಕ್ಕೆ ಎಷ್ಟು ಚಾಚಿದೆಯೆಂಬುದನ್ನು ಅಳೆದುಕೊಳ್ಳಬೇಕು. ದಂಡ, ಅಡ್ಡತೋಳು, ಹಿಡಿತೋಳುಗಳ ಮೇಲೆ ಒಂದೇ ನೇರದಲ್ಲಿ ಬಣ್ಣದ ಗೆರೆಯೆಳೆದು, ಎಡ ಬಲಗಳನ್ನು ಗುರುತಿಸಬೇಕು.

4. ಚಕ್ರಗಳು ತೂಗಾಡುತ್ತಿದ್ದರೂ ದಂಡದಲ್ಲಿ ತಿರುಚಿನ ಬಲವು ಉಳಿದಿರುತ್ತದೆಂಬುದನ್ನು ಮರೆಯಲಾಗದು. ಬೋಲ್ಟನ್ನು ಸುತ್ತುಗಳನ್ನೆಣಿಸುತ್ತ ಮೆಲ್ಲಗೆ ಸಡಿಲಿಸತಕ್ಕದ್ದು. ಕೆಲವು ಗಾಡಿಗಳಲ್ಲಿ ಬೋಲ್ಟು ಕೊನೆಮುಟ್ಟಿದರೂ ಹಿಡಿತೋಳಿನ ಮೇಲೆ ಒತ್ತಡವಿರುವುದರಿಂದ, ತಯಾರಕರು ಹೇಳಿರುವ ಇಳಿಸುವ ಉಪಕರಣವನ್ನೇ ಉಪಯೋಗಿಸಬೇಕು. ಹಾರೆಯಿಂದ ಮೀಟಿದರೆ ಹಿಡಿತೋಳು ಚಿಮ್ಮಿ ಎಲುಬು ಮುರಿಯಬಹುದು. ಅದರ ನೇರದಲ್ಲಿ ಮುಖವನ್ನಾಗಲಿ ಕೈಯನ್ನಾಗಲಿ ಇಡಬಾರದು.

5. ಬಲವು ಪೂರ್ಣವಾಗಿ ಇಳಿದ ಮೇಲೆ ಹಿಡಿತೋಳನ್ನು ತೆಗೆದು ದಂಡವನ್ನು ಜಾರಿಸಿ ಹೊರಕ್ಕೆ ಎಳೆಯಬೇಕು.

ಪರೀಕ್ಷೆ ಮತ್ತು ಜೋಡಣೆ

ತಿರುಚಿನ ಒತ್ತಡವು ದಂಡದ ಮೈಮೇಲೆಯೇ ಅತ್ಯಧಿಕ. ಆದುದರಿಂದ ತುಕ್ಕಿನ ಕುಳಿ, ಸುತ್ತಿಗೆಯ ಪೆಟ್ಟು, ಗೀರು, ಇವುಗಳಲ್ಲಿ ಯಾವುದಿದ್ದರೂ ಅಲ್ಲಿಂದಲೇ ಬಿರುಕು ಹುಟ್ಟುವುದು. ಹಾಗೆ ಕೆಟ್ಟ ದಂಡವನ್ನು ಬೆಸುಗೆಯಿಂದಲೂ ಕಾಯಿಸಿ ಬಡಿಯುವುದರಿಂದಲೂ ಸರಿಮಾಡಲಾಗದು, ಹೊಸದನ್ನೇ ಹಾಕಬೇಕು. ಎಡದ ದಂಡವನ್ನು ಬಲಕ್ಕೆ ಹಾಕಲೇಬಾರದು. ತಯಾರಿಸುವಾಗಲೇ ಒಂದೊಂದನ್ನೂ ಅದು ಕೆಲಸಮಾಡುವ ದಿಕ್ಕಿಗೆ ತಿರುಚಿ ಹದಮಾಡಿರುವುದರಿಂದ, ಅದಲುಬದಲಾದ ದಂಡವು ಬೇಗ ಸೋಲುವುದು ಅಥವಾ ಮುರಿಯುವುದು.

ಜೋಡಿಸುವಾಗ ಹಲ್ಲುಗಳನ್ನು ತೊಳೆದು ಗ್ರೀಸು ಸವರಿ, ಗೆರೆಗಳನ್ನು ಹೊಂದಿಸಿ, ಮೊದಲು ಅಳೆದುಕೊಂಡಿದ್ದ ಮಟ್ಟಕ್ಕೆ ಬೋಲ್ಟನ್ನು ಬಿಗಿಮಾಡಬೇಕು. ಹೊಸ ದಂಡಕ್ಕೆ ಹಳೆಯ ಗೆರೆಗಳಿಲ್ಲವಾದುದರಿಂದ ತಯಾರಕರ ಪುಸ್ತಕದ ಅಳತೆಯನ್ನು ಅನುಸರಿಸತಕ್ಕದ್ದು.

ಎತ್ತರವನ್ನು ಸರಿಪಡಿಸುವುದು

ಗಾಡಿಯನ್ನು ಇಳಿಸಿ, ಮೂತಿಯನ್ನು ಕೆಲವು ಸಲ ಅದುಮಿ ಬಿಟ್ಟು, ಸ್ವಲ್ಪ ದೂರ ಹಿಂದಕ್ಕೂ ಮುಂದಕ್ಕೂ ಉರುಳಿಸಿದ ಮೇಲೆಯೇ ಅಳೆಯಬೇಕು. ಇಲ್ಲವಾದರೆ ಅಳತೆ ಸುಳ್ಳಾಗುವುದು. ಎತ್ತರ ಸಾಲದಿದ್ದರೆ ಚಕ್ರವನ್ನು ಪುನಃ ನೆಲದಿಂದ ಎತ್ತಿಯೇ ಬೋಲ್ಟನ್ನು ತಿರುಗಿಸಬೇಕು. ಭಾರವಿರುವಾಗ ತಿರುಗಿಸಿದರೆ ಅದರ ಮರೆಗಳು ಕಿತ್ತುಹೋಗುವುವು. ಒಂದು ಪಕ್ಕವನ್ನು ತಿರುಗಿಸಿದರೆ ಇನ್ನೊಂದರ ಎತ್ತರವೂ ತುಸು ಬದಲಾಗುವುದರಿಂದ, ಎರಡನ್ನೂ ಮತ್ತೆ ಮತ್ತೆ ಅಳೆಯತಕ್ಕದ್ದು. ಕೊನೆಯಲ್ಲಿ ಚಕ್ರಗಳ ನೇರವನ್ನೂ ದೀಪಗಳ ಗುರಿಯನ್ನೂ ಪರೀಕ್ಷಿಸುವುದು ಅವಶ್ಯ.

ಬೋಲ್ಟು ಪೂರ್ಣ ಬಿಗಿದರೂ ಮೂತಿ ಏಳದಿದ್ದರೆ ದಂಡವು ಸೋತಿದೆ, ಇಲ್ಲವೆ ತೋಳಿನ ಬುಷ್‌ಗಳು ಸವೆದಿವೆಯೆಂದು ತಿಳಿಯಬೇಕು. ಇಳಿಸುವ ಉಪಕರಣವೂ ಊರೆಗಾಲುಗಳೂ ಇಲ್ಲದವರು ದಂಡವನ್ನು ಬಿಚ್ಚುವ ಸಾಹಸಕ್ಕೆ ಹೋಗದೆ, ಅವುಗಳುಳ್ಳ ಗ್ಯಾರೇಜಿಗೆ ಗಾಡಿಯನ್ನು ಒಯ್ಯುವುದು ಲೇಸು. ಎತ್ತರವನ್ನು ಅಳೆದು ಬರೆದಿಡುವುದು ಮಾತ್ರ ಪ್ರತಿಯೊಬ್ಬ ರೈತನಿಂದಲೂ ಆಗತಕ್ಕ ಕೆಲಸ. ಆರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ, ದಂಡವು ಸೋಲುತ್ತಿರುವುದು ಅದು ಮುರಿಯುವ ಮುಂಚೆಯೇ ತಿಳಿದುಬರುವುದು.